ಸತ್ತವರಿಗೆ ಮಾತ್ರ ಬೀದಿ

ಪಲೆರ್ಮೊ, ಶವ್ವಾಲ್ 5, ಹಿಜರಿ 405

ಪ್ರೀತಿಯ ತಂಗಿ ತುರ್ಫಾಳಿಗೆ ಅಣ್ಣ ಖಲಫ್ ಮಾಡುವ ಸಲಾಮು.

ಚಳಿಗಾಲ ಮುಗಿದು ಮೊದಲನೇ ಹಡಗು ಹೊರಟಿದೆ, ಅದರಲ್ಲೇ ಈ ಕಾಗದ. ದೇವರ ದಯೆಯಿಂದ ನಾನು ಚೆನ್ನಾಗಿದ್ದೇನೆ. ದೊಡ್ಡ ಮಸೀದಿಯ ಹಿಂದೆ ಒಂದು ಅಂಗಡಿ ಸಿಕ್ಕಿದೆ. ಈ ಊರಿನ ಹೆಂಗಸರು ಕಾಲಿಗೆ ಹಾಕಿಕೊಳ್ಳುವುದನ್ನು ನೋಡಿದರೆ ನಮ್ಮಪ್ಪ ತಲೆ ಚಚ್ಚಿಕೊಳ್ಳುತ್ತಿದ್ದ. ಹಿಮ್ಮಡಿ ಒಂದು ಕಡೆ, ಹೊಲಿಗೆ ಒಂದು ಕಡೆ! ನಮ್ಮ ಫುಸ್ತಾತಿನ ಜೋಡು ಎಂದರೆ ಇಲ್ಲಿ ಬಾಯಿ ಬಿಡುತ್ತಾರೆ. ನೀನು ಕಸೂತಿ ಹಾಕಿದ ಕೆಂಪು ಮೇಲ್ತೊಗಲು ಇಪ್ಪತ್ತು ಜೊತೆ ಬೇಗ ಕಳಿಸು.

ಅಲ್ಲಿಯ ಅಂಗಡಿಯನ್ನು ಹಯ್ಯಾನಜ್ಜ ನೋಡಿಕೊಳ್ಳುತ್ತಾನೆ, ಅಪ್ಪನ ಕಾಲದಿಂದ ದಬ್ಬಳ ಹಿಡಿದವನು, ಚಿಂತೆಯಿಲ್ಲ. ನೀನು ಗಂಡನನ್ನು ಕಳೆದುಕೊಂಡ ದುಃಖದಲ್ಲಿ ಮೂಲೆ ಹಿಡಿದು ಕೂರಬೇಡ. ನಮ್ಮ ಚಿಕ್ಕ ತಂಗಿ ಜೌಜಾಳನ್ನು ಹಮಾಮಿಗೆ ಸ್ನಾನಕ್ಕೆ ಕರೆದುಕೊಂಡು ಹೋಗು. ಗುರುವಾರ ಅಮ್ಮನ ಗೋರಿಗೆ ಹೋಗಿ ಬನ್ನಿ. ನೈಲ್ ಏರುವಾಗ ದಡಕ್ಕೆ ಹೋಗಿ ನೋಡಿ. ಹದಿನಾರರ ಹುಡುಗಿ, ನಾಲ್ಕು ಜನರ ನಡುವೆ ಓಡಾಡಿಕೊಂಡಿರಲಿ.

ನಿನ್ನ ಅಣ್ಣ,
ಖಲಫ್

*

ಫುಸ್ತಾತ್, ಮುಹರ್ರಮ್ 12, 406

ದೇವರ ಹೆಸರಿನಲ್ಲಿ. ಅಣ್ಣ ಖಲಫನಿಗೆ ತುರ್ಫಾಳ ಸಲಾಮು.

ನಿನ್ನ ಕಾಗದವನ್ನು ಹಯ್ಯಾನಜ್ಜ ಬಾಗಿಲ ಸಂದಿಯಿಂದ ಒಳಗೆ ತೂರಿಸಿದ. ನಾನು ಜೌಜಾಗೆ ಗಟ್ಟಿಯಾಗಿ ಓದಿ ಹೇಳಿದೆ. ಹಮಾಮು, ಗೋರಿ, ನದಿ ದಡ ಅಂತ ಬಂದಹಾಗೆಲ್ಲ ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಲು ಆಗದೆ ಬಿಕ್ಕಿದಳು.

ನಿನಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಶಾಬಾನ್ ತಿಂಗಳಲ್ಲಿ ಖಲೀಫರ ಅರಮನೆಯಿಂದ ಡಂಗುರ ಬಂತು. ಇನ್ನು ಮೇಲೆ ಹೆಣ್ಣು ಅನ್ನುವವಳು ಹಗಲಾಗಲಿ ರಾತ್ರಿಯಾಗಲಿ ಮನೆಯ ಹೊಸ್ತಿಲು ದಾಟಕೂಡದು. ಮುದುಕಿಯಾದರೂ ಅಷ್ಟೆ, ಹಾಲುಗಲ್ಲದ ಹುಡುಗಿಯಾದರೂ ಅಷ್ಟೆ. ಕಿಟಕಿಯಿಂದ ಇಣುಕುವ ಹಾಗಿಲ್ಲ, ಮಾಳಿಗೆ ಹತ್ತುವ ಹಾಗಿಲ್ಲ. ನಮಗೆ ಆಸೆ ಬರಬಾರದು ಅಂತ ಹೆಂಗಸರ ಜೋಡು ಹೊಲಿಯುವುದನ್ನೇ ನಿಲ್ಲಿಸಿದ್ದಾರೆ. ನಮ್ಮ ಅಂಗಡಿಗೆ ಬೀಗ. ಮಾಡಿಟ್ಟಿದ್ದ ಜೋಡುಗಳನ್ನು ಬೀದಿಯಲ್ಲಿ ರಾಶಿ ಹಾಕಿ ಕತ್ತರಿಸಿದರಂತೆ. ಕತ್ತರಿಸಿದವರಿಗೆ ಕತ್ತರಿ ಕೊಟ್ಟವರು ಎದುರು ಸಾಲಿನ ಅಂಗಡಿಯವರೇ, ಗಂಡಸರ ಜೋಡು ಮಾಡುವವರು.

ಮೊದಲು ಮುಲೂಖಿಯಾ ಸೊಪ್ಪು ಬೇಡ ಅಂದರು, ಸೊಪ್ಪು ಬಿಟ್ಟೆವು. ಈಗ ನಾವೇ ಬೇಡ. ಬೇಯಿಸಿದ ಕಾಳು ಮಾರುವವನು ಉದ್ದ ಹಿಡಿಯ ಸೌಟು ತರುತ್ತಾನೆ. ಬಾಗಿಲು ನಾಲ್ಕು ಬೆರಳು ತೆಗೆಯಬೇಕು, ಸೌಟು ಒಳಗೆ ಬರುತ್ತದೆ, ಕಾಳು ಸುರಿದುಕೊಂಡು ಕಾಸು ಹಾಕಬೇಕು. ಕುಷ್ಠ ಹಿಡಿದವರಿಗೂ ಇದಕ್ಕಿಂತ ಹತ್ತಿರ ಬಂದು ಕೊಡುತ್ತಾರೆ. ದೊಡ್ಡವರ ಆಜ್ಞೆ, ಅದರ ಬಗ್ಗೆ ಕಾಗದದಲ್ಲಿ ಏನೂ ಬರೆಯುವುದಿಲ್ಲ.

ತುರ್ಫಾ

*

ಪಲೆರ್ಮೊ, ರಬೀ-ಉಲ್-ಆಖಿರ್ 2, 406

ಪ್ರೀತಿಯ ತುರ್ಫಾ,

ಸುದ್ದಿ ಇಲ್ಲಿಗೂ ಬಂದಿದೆ. ನಿನ್ನ ಕಾಗದ ಓದಿ ಬೇಸರವಾಯಿತು. ಆದರೆ ಸ್ವಲ್ಪ ಸಮಾಧಾನದಿಂದ ಯೋಚಿಸು ಮಾರಾಯ್ತಿ. ಇಂಥ ಆಜ್ಞೆಗಳು ಎಷ್ಟು ಬಂದವು, ಎಷ್ಟು ಹೋದವು! ಆರು ತಿಂಗಳು ತಡೆದುಕೊಂಡರೆ ಇದೂ ಹೋಗುತ್ತದೆ. ನಿಜ ಹೇಳಬೇಕೆಂದರೆ, ಗಂಡು ದಿಕ್ಕಿಲ್ಲದ ಮನೆಯಲ್ಲಿ ನೀವಿಬ್ಬರೂ ಇದ್ದೀರಿ ಅಂತ ನನಗೆ ನಿದ್ದೆ ಬರುತ್ತಿರಲಿಲ್ಲ. ಈಗ ಎಲ್ಲಿದ್ದೀರಿ, ಏನು ಮಾಡುತ್ತಿದ್ದೀರಿ ಅಂತ ಗೊತ್ತು. ಒಂದು ರೀತಿಯಲ್ಲಿ ನನಗೆ ನೆಮ್ಮದಿಯೇ.

ಏನಾದರೂ ಬೇಕಾದರೆ ಎದುರುಮನೆಯ ಮುಫರಿಜ್ ಸಾಹೇಬರಿದ್ದಾರೆ. ತೊಗಲು ಹದ ಮಾಡುವವರಾದರೂ ದೊಡ್ಡ ಮನಸ್ಸು. ಅವರಿಗೆ ಹೇಳಿದ್ದೇನೆ.

ಖಲಫ್

*

ಫುಸ್ತಾತ್, ಶವ್ವಾಲ್ 20, 406

ಅಣ್ಣ,

ಆರು ತಿಂಗಳು ಅಂದೆ. ಹದಿನಾಲ್ಕು ಆಯಿತು. ನಿನಗೆ ನೆಮ್ಮದಿ ಅಂತ ಬರೆದಿದ್ದನ್ನು ನಾನು ಜೌಜಾಗೆ ಓದಿ ಹೇಳಲಿಲ್ಲ. ನುಂಗಿಕೊಂಡೆ. ಇದೊಂದು ಸಲ ನುಂಗಿಕೊಂಡಿದ್ದೇನೆ.

ಈಗ ವಿಷಯ ಕೇಳು. ಹೊರಗೆ ಹೋಗಲು ಒಂದು ದಾರಿ ಇದೆ. ಪರದೇಶದಲ್ಲಿರುವ ಒಡಹುಟ್ಟಿದವನ ಹತ್ತಿರ ಹೋಗುವ ಹೆಂಗಸರಿಗೆ ಕೋತ್ವಾಲರ ಕಚೇರಿಯಲ್ಲಿ ಚೀಟಿ ಕೊಡುತ್ತಾರೆ. ಅದಕ್ಕೆ, 'ನಾನು ಇವರ ಹೊಣೆಗಾರ, ಇವರನ್ನು ನನ್ನ ಬಳಿ ಕಳಿಸಿಕೊಡಿ' ಅಂತ ಅಣ್ಣನಾದವನು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಒಂದು ಪತ್ರ ಬರೆಯಬೇಕು. ಅಷ್ಟೇ. ಅಲೆಕ್ಸಾಂಡ್ರಿಯಾದವರೆಗೆ ಹಯ್ಯಾನಜ್ಜ ಬರುತ್ತಾನೆ. ಜೌಜಾ ಊಟ ಬಿಟ್ಟಿದ್ದಾಳೆ. ಅಂಗಳದಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಾಳೆ. ಹದಿಮೂರು ಹೆಜ್ಜೆ, ತಿರುಗಬೇಕು, ಹದಿಮೂರು ಹೆಜ್ಜೆ. 'ಅಕ್ಕ, ಈವತ್ತು ನಾನು ಪಿರಮಿಡ್ಡಿನ ತನಕ ಹೋಗಿ ಬಂದೆ' ಅಂತಾಳೆ.

ಮುಂದಿನ ಹಡಗಿಗೇ ಪತ್ರ ಕಳಿಸು. ನಾನು ನಿನ್ನನ್ನು ಇದುವರೆಗೆ ಏನೂ ಕೇಳಿಲ್ಲ.

ತುರ್ಫಾ

*

ಪಲೆರ್ಮೊ, ಮುಹರ್ರಮ್ 9, 407

ತುರ್ಫಾ,

ಹೊಣೆಗಾರನ ಪತ್ರ ಇದರ ಜೊತೆಗಿದೆ. ಇಬ್ಬರು ಸಾಕ್ಷಿಗಳ ಸಹಿಯೂ ಇದೆ. ಇಲ್ಲಿ ಜಾಗದ ತೊಂದರೆ, ಹೊಸ ಊರು, ಎಲ್ಲಾ ಯೋಚಿಸಿಯೇ ಬರೆದಿದ್ದೇನೆ. ಜೌಜಾಗೆ ಒಳ್ಳೆಯದಾಗಲಿ ಅಂತ ಬಿಟ್ಟರೆ ನನ್ನ ಮನಸ್ಸಿನಲ್ಲಿ ಬೇರೇನೂ ಇಲ್ಲ. ಕೆಲಸದ ಗಡಿಬಿಡಿ, ಹೆಚ್ಚು ಬರೆಯಲಾರೆ.

ಖಲಫ್

*

ಫುಸ್ತಾತ್, ರಬೀ-ಉಲ್-ಅವ್ವಲ್ 17, 407

ಖಲಫ್,

ಸಾಕ್ಷಿಗಳ ಸಹಿ ಕಂಡ ಕೂಡಲೇ ಜೌಜಾ ಪತ್ರವನ್ನು ಕಣ್ಣಿಗೊತ್ತಿಕೊಂಡಳು. ನಾನು ಓದುವ ಮೊದಲೇ ಪೆಟ್ಟಿಗೆ ಎಳೆದು ಬಟ್ಟೆ ಮಡಿಸಲು ಕೂತಳು. ನಾನು ಮೂರು ಸಲ ಓದಿದೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ನೀನು ಯಾವಾಗಲೂ ನಗುತ್ತಿದ್ದೆ, ಬಹುಶಃ ನನಗೆ ಓದಲೂ ಬರುವುದಿಲ್ಲ ಅಂದುಕೊಂಡೆ. ಪತ್ರದಲ್ಲಿದ್ದದ್ದು ಇಷ್ಟು: 'ನನ್ನ ತಂಗಿ ಜೌಜಾಳನ್ನು ಮುಫರಿಜ್ ಅವರಿಗೆ ನಿಕಾಹ್ ಮಾಡಿಕೊಡಲು ಒಪ್ಪಿದ್ದೇನೆ.'

ನಾನು ಬಾಗಿಲು ತೆರೆಯುವ ಪತ್ರ ಕೇಳಿದೆ. ನೀನು ಇನ್ನೊಂದು ಬಾಗಿಲು ಹಾಕುವ ಪತ್ರ ಕಳಿಸಿದೆ.

ಆ ಪತ್ರದ ಇನ್ನೊಂದು ಪ್ರತಿ ಮುಫರಿಜನ ಕೈಗೂ ಹೋಗಿತ್ತು. ಒಂಬತ್ತನೇ ದಿನ ಬಂದ. ಹಲ್ಲಿಲ್ಲ, ಬೆರಳುಗಳು ತೊಗಲಿನ ಸುಣ್ಣದಲ್ಲಿ ಸುಟ್ಟು ಸುಕ್ಕಾಗಿವೆ, ಅಪ್ಪನಿಗಿಂತ ನಾಲ್ಕು ವರ್ಷಕ್ಕೆ ಹಿರಿಯ. ಪರದೆಯ ಈಚೆ ಜೌಜಾಳನ್ನು ಕೂರಿಸಿದರು. ಒಪ್ಪಿಗೆಯಾ ಅಂತ ಕೇಳಿದರು. ಅವಳು ಅಳುತ್ತಿದ್ದಳು.

'ಒಪ್ಪಿಲ್ಲ' ಅಂತ ನಾನು ಕೂಗಿದೆ.

'ನಿನ್ನನ್ನ ಯಾರಮ್ಮ ಕೇಳಿದ್ದು?' ಅಂದ ಅವನ ಕಡೆಯ ಸಾಕ್ಷಿ. 'ಹುಡುಗಿ ಅಳ್ತಿದಾಳೆ. ತೌರು ಬಿಡೋ ಹುಡುಗೀರು ಅಳ್ತಾರೆ. ಅತ್ತರೆ ಒಪ್ಪಿಗೆ ಅಂತಲೇ ಬರ್ಕೊಳ್ಳಿ.'

ಓಣಿ ದಾಟುವುದಕ್ಕೆ ಅವಳಿಗೆ ಒಂದು ಚೀಟಿ ಕೊಟ್ಟರು, ಒಂದೇ ಸಲಕ್ಕೆ, ಒಂದೇ ಕಡೆಗೆ. ನನಗೆ ಅದೂ ಇಲ್ಲ. ನನ್ನ ಬಾಗಿಲಿಂದ ಅವನ ಬಾಗಿಲಿಗೆ ಹನ್ನೆರಡು ಹೆಜ್ಜೆ ಇರಬಹುದು. ಅವಳು ಕೆಮ್ಮಿದರೆ ಕೇಳಿಸುತ್ತದೆ. ನಾನು ಕೂಗಿದರೆ ಅವಳಿಗೂ ಕೇಳಿಸಬೇಕು, ಆದರೆ ಉತ್ತರ ಬರುವುದಿಲ್ಲ. ಬಾಯಿ ಬಿಟ್ಟರೆ ಅವನು ಏನು ಮಾಡುತ್ತಾನೋ.

ಇನ್ನು ನನಗೆ ಬರೆಯಬೇಡ.

*

ಪಲೆರ್ಮೊ, ಮುಹರ್ರಮ್ 22, 408

ತುರ್ಫಾ,

ಒಂದು ವರ್ಷ ನಿನ್ನ ಕಾಗದವಿಲ್ಲ. ಕೋಪ ಇಳಿಯಲಿ ಅಂತ ಸುಮ್ಮನಿದ್ದೆ. ಆದರೆ ಮೊನ್ನೆ ಅಗಸೆನಾರಿನ ವ್ಯಾಪಾರಿಯೊಬ್ಬ ನನ್ನ ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೇ, 'ಅಲ್ಲಯ್ಯ ಖಲಫ್, ನಿನ್ನ ತಂಗಿ ಹೆಣ ತೊಳೆಯೋಳಂತಲ್ಲೋ?' ಅಂದ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಇದು ನಿಜವೇ? ಮೂರು ತಲೆಮಾರಿನಿಂದ ಅರಮನೆಯ ಹೆಂಗಸರ ಪಾದಕ್ಕೆ ಅಳತೆ ತೆಗೆದುಕೊಂಡ ಮನೆಯವಳು ನೀನು. ಹೊಟ್ಟೆಗೆ ಕಡಿಮೆಯಾಗಿದ್ದರೆ ನನಗೆ ಹೇಳಬಾರದಿತ್ತೇ? ಯಾರ ಯಾರದೋ ಹೆಣಕ್ಕೆ ಕೈ ಹಾಕಿ, ಕಂಡ ಕಂಡವರ ಮನೆ ಹೊಕ್ಕು! ನನಗೆ ಇಲ್ಲಿ ಒಂದು ಮರ್ಯಾದೆ ಇದೆ. ಈ ಕೂಡಲೇ ಬಿಟ್ಟುಬಿಡು. ಮನೆಯಲ್ಲಿ ಕೂತುಕೋ. ಅಣ್ಣನಾಗಿ ಆಜ್ಞೆ ಮಾಡುತ್ತಿದ್ದೇನೆ.

ಖಲಫ್

*

ಫುಸ್ತಾತ್, ರಬೀ-ಉಲ್-ಆಖಿರ್ 6, 408

ಖಲಫ್,

ಆಜ್ಞೆ! ನನಗೆ ಆಜ್ಞೆ ಮಾಡುವವರು ಈ ಊರಲ್ಲೇ ಬೇಕಾದಷ್ಟು ಜನ ಇದ್ದಾರೆ. ಸಮುದ್ರದಾಚೆಯಿಂದ ಇನ್ನೊಂದು ತರಿಸಿಕೊಳ್ಳುವಷ್ಟು ಬರ ಬಂದಿಲ್ಲ.

ಹೌದು, ನಿಜ. ಈ ಊರಲ್ಲಿ ಬೀದಿಗೆ ಇಳಿಯಬಹುದಾದ ಹೆಂಗಸರು ಎರಡೇ ಜಾತಿ, ಸೂಲಗಿತ್ತಿ ಮತ್ತು ಹೆಣ ತೊಳೆಯುವವಳು. ಹೆರಿಗೆ ಮಾಡಿಸಲು ನನಗೆ ಬರುವುದಿಲ್ಲ. ನಮ್ಮ ಓಣಿಯ ಹಳೆಯ ಹೆಣ ತೊಳೆಯುವವಳು ಮಂಡಿ ನೋವಿನಿಂದ ಏಳಲಾರದೆ ಬಿದ್ದಾಗ ನಾನು ಹಯ್ಯಾನಜ್ಜನ ಕೈಲಿ ಹೇಳಿ ಕಳಿಸಿದೆ, ನನಗೆ ಕಲಿಸು ಅಂತ. ಅಂಗಡಿ ಮುಚ್ಚಿದ ಮೇಲೆ ಅಜ್ಜನೂ ಶವದ ಮಂಚಕ್ಕೆ ಹೆಗಲು ಕೊಟ್ಟೇ ಹೊಟ್ಟೆ ಹೊರೆಯುತ್ತಿದ್ದಾನೆ. ಅವಳ ಚೀಟಿ ನನ್ನ ಹೆಸರಿಗಾಯಿತು. ಹೊಟ್ಟೆಗೆ ಕಡಿಮೆಯಾಗಿ ಹೋದೆ ಅಂದುಕೊಂಡೆಯಾ? ಹನ್ನೆರಡು ಹೆಜ್ಜೆ ನಡೆಯುವುದಕ್ಕೆ ಹೋದೆ.

ಮೊದಲ ದಿನ ಬರಿಗಾಲಲ್ಲಿ ಇಳಿದೆ. ಹೆಂಗಸಿಗೆ ಜೋಡು ಎಲ್ಲಿಂದ ಬರಬೇಕು? ಗಂಡಸರು ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡರು, ಹೆಣದ ಗಾಳಿ ತಾಗೀತು ಅಂತ. ಯಾವ ಗಂಡಸೂ ನನಗೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ನಿನ್ನ ಮರ್ಯಾದೆಯ ಮಾತಿಗೆ ಒಂದು ಮನೆಯ ಕಥೆ ಕೇಳು. ಹೊಗೆಸಾಲಿನ ಓಣಿಯಲ್ಲಿ ಮೂವರು ಅಕ್ಕತಂಗಿಯರು, ಗಂಡು ದಿಕ್ಕಿಲ್ಲ. ದೊಡ್ಡವಳು ಸತ್ತಳು. ಇಬ್ಬರು ಬಾಗಿಲ ಹಿಂದೆ ನಿಂತು ಎರಡು ದಿನ ಕೂಗಿದ್ದಾರೆ. ಓಣಿಯ ತುಂಬ ಗಂಡಸರು. ಹೆಂಗಸಿನ ದನಿಗೆ ಓಗೊಟ್ಟರೆ ಎಲ್ಲಿ ಛಡಿ ಬೀಳುವುದೋ ಅಂತ ಒಬ್ಬನೂ ಹತ್ತಿರ ಹೋಗಲಿಲ್ಲ. ನಾನು ಹೋದಾಗ ಚಿಕ್ಕವಳು ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೊಣ ಓಡಿಸುತ್ತಿದ್ದಳು. 'ನಾವು ಕೂಗಿದ್ದು ಹೊರಗೆ ಕೇಳಿಸ್ತಿತ್ತಾ?' ಅಂತ ಕೇಳಿದಳು. ಕೇಳಿಸುತ್ತಿರಲಿಲ್ಲ ಅಂತ ಸುಳ್ಳು ಹೇಳಿದೆ. ಆ ಓಣಿಯ ಗಂಡಸರೆಲ್ಲರಿಗೂ ನಿನ್ನ ಹಾಗೆಯೇ ಮರ್ಯಾದೆ ಇದೆ.

ಕೊನೆಯದಾಗಿ ಇದು. ಮುಫರಿಜನ ಅಂಗಳಕ್ಕೂ ಹೋಗಿದ್ದೆ, ಅವನ ಮನೆಯ ಮುದಿ ಕೆಲಸದವಳು ಸತ್ತಾಗ. ಜೌಜಾ ನನ್ನ ಕಾಲು ಹಿಡಿದುಕೊಂಡು ಕೂತುಬಿಟ್ಟಳು. ಅವಳ ಕೈಮೇಲೆ ಸುಟ್ಟ ಕಲೆ. ಅಂಗಳದ ತುಂಬ ಹದ ಮಾಡಿದ ತೊಗಲಿನ ಕಟ್ಟುಗಳು, ಪ್ರತಿಯೊಂದರ ಮೇಲೂ ಗುರುತು: ಪಲೆರ್ಮೊ, ಖಲಫ್. ನಿಕಾಹ್ ಆದಾಗಿನಿಂದ ಹೋಗುತ್ತಿದೆಯಂತೆ, ಬೇರೆ ಯಾರಿಗೂ ಕೊಡದೆ ನಿನಗೊಬ್ಬನಿಗೇ.

ತೊಗಲಿಗೆ ತೊಗಲು ಕೊಟ್ಟೆಯಲ್ಲೋ ಅಣ್ಣ.

*

ಫುಸ್ತಾತ್, ಜುಲ್‌ಹಿಜ್ಜಾ 3, 408

ಖಲಫ್,

ಓಣಿಯಲ್ಲಿ ಜ್ವರ ಬಂದಿದೆ. ಮುಫರಿಜ್ ಸರಕು ತುಂಬಿಸಲು ಅಲೆಕ್ಸಾಂಡ್ರಿಯಾಕ್ಕೆ ಹೋಗಿದ್ದ. ಜೌಜಾಗೆ ಐದು ತಿಂಗಳು ತುಂಬಿತ್ತು. ಕರೆ ಬಂತು, ಹೋದೆ. ಚೀಟಿ ತೋರಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಬಿಳಿ ಬಟ್ಟೆಯನ್ನು ನಾನೇ ಸುತ್ತಿದೆ. ಹಯ್ಯಾನಜ್ಜ ಮತ್ತು ಅವನ ಜೊತೆಯವನು ಮಂಚ ಹೊತ್ತರು. ಕಳೆದ ಗುರುವಾರ ಕರಾಫಾದಲ್ಲಿ, ಅಮ್ಮನ ಪಕ್ಕದ ಗೋರಿಗೆ ಮಣ್ಣು ಹಾಕಿ ಬಂದೆವು. ಹತ್ತೊಂಬತ್ತು ವರ್ಷ.

ಮುಫರಿಜನಿಗೆ ಬೇರೆಯವರು ಹೇಳುತ್ತಾರೆ. ನಿನಗೆ ನಾನು ಹೇಳಬೇಕು ಅನ್ನಿಸಿತು.

ತುರ್ಫಾ

*

ಪಲೆರ್ಮೊ, ರಬೀ-ಉಲ್-ಅವ್ವಲ್ 1, 409

ತುರ್ಫಾ, ನನ್ನ ತಂಗಿ,

ನಿನ್ನ ಕಾಗದ ಕೈಗೆ ಬಂದು ಹನ್ನೊಂದು ದಿನವಾಯಿತು. ಅಂಗಡಿ ತೆರೆದಿಲ್ಲ. ಅವಳು ಅಂಬೆಗಾಲಿಡುವಾಗ ಅವಳ ಕಾಲಿಗೆ ನಾನೇ ಒಂದು ಜೊತೆ ಹೊಲಿದಿದ್ದೆ, ನನ್ನ ಮೊದಲ ಕೆಲಸ ಅದು. ಅಪ್ಪ ನೋಡಿ ಬಾತುಕೋಳಿ ಕಾಲಿಗಾ ಅಂತ ಕೇಳಿದ್ದ.

ನಿನಗೆ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿಬಿಡುತ್ತೇನೆ. ಇಲ್ಲಿ ನನಗೆ ಮದುವೆಯಾಗಿದೆ, ನೀನು ಹೊಣೆಗಾರನ ಪತ್ರ ಕೇಳುವ ಮೊದಲೇ. ನೀವಿಬ್ಬರೂ ಬಂದರೆ ಹೆಂಡತಿಯ ಮನೆಯವರ ಎದುರು ಎಲ್ಲಿ ಇಡಲಿ ಅಂತ ಹೆದರಿದೆ. ಅಲ್ಲಿ ಅಂಗಡಿ ಕಳೆದುಕೊಂಡ ಫುಸ್ತಾತಿನವರು ಆರು ಜನ ಇಲ್ಲಿಗೆ ಓಡಿಬಂದರು, ಅವರನ್ನೇ ಕೆಲಸಕ್ಕಿಟ್ಟು ದೊಡ್ಡವನಾದೆ. ಅವರಿಗೆ ತೊಗಲು ಬೇಕಿತ್ತು. ಜೌಜಾಳನ್ನು ಕೊಟ್ಟರೆ ತೊಗಲು ನಿನಗೊಬ್ಬನಿಗೇ ಅಂತ ಮುಫರಿಜ್ ಬರೆದ. ಮುದುಕ, ಎಷ್ಟು ದಿನ ಬದುಕುತ್ತಾನೆ, ಅವಳು ಮನೆ ಆಸ್ತಿಗೆ ಒಡತಿಯಾಗುತ್ತಾಳೆ ಅಂತ ನನಗೆ ನಾನೇ ಹೇಳಿಕೊಂಡೆ.

ಆದರೆ ತುರ್ಫಾ, ಆ ಆಜ್ಞೆ ನನ್ನದಲ್ಲವಲ್ಲ! ಬಾಗಿಲು ಮುಚ್ಚಿಸಿದವನು ನಾನಲ್ಲ. ಅದೊಂದು ಬರದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಒಂದು ಸಾಲು ಬರೆ. ಬೈದಾದರೂ ಬರೆ.

ಖಲಫ್

*

ಪಲೆರ್ಮೊ, ಸಫರ್ 14, 411

ತುರ್ಫಾ,

ಇದು ಆರನೇ ಕಾಗದ. ಹಯ್ಯಾನಜ್ಜನ ಕೈಗೆ ತಲುಪುತ್ತಿದೆ ಅಂತ ವ್ಯಾಪಾರಿಗಳು ಹೇಳುತ್ತಾರೆ. ಮುಫರಿಜನಿಂದ ತೊಗಲು ತರಿಸುವುದನ್ನು ಬಿಟ್ಟಿದ್ದೇನೆ. ನನಗೊಬ್ಬಳು ಮಗಳು ಹುಟ್ಟಿದ್ದಾಳೆ, ಜೌಜಾ ಅಂತಲೇ ಹೆಸರಿಟ್ಟೆ. ನೀನು ಬದುಕಿದ್ದೀಯಾ, ಅಷ್ಟನ್ನಾದರೂ ಹೇಳು.

ಖಲಫ್

*

ಪಲೆರ್ಮೊ, ಮುಹರ್ರಮ್ 19, 412

ತುರ್ಫಾ!

ಮೊದಲ ಹಡಗು ಸುದ್ದಿ ತಂದಿದೆ. ಖಲೀಫರು ಕತ್ತೆ ಏರಿ ಮುಕಟ್ಟಮ್ ಗುಡ್ಡದ ಕಡೆ ಹೋದವರು ಮರಳಲಿಲ್ಲವಂತೆ, ಕತ್ತೆ ಮಾತ್ರ ಸಿಕ್ಕಿತಂತೆ, ಆಜ್ಞೆ ಬಿದ್ದುಹೋಯಿತಂತೆ! ಇಲ್ಲಿರುವ ಫುಸ್ತಾತಿನವರೆಲ್ಲ ನನ್ನ ಅಂಗಡಿಯಲ್ಲಿ ಕುಣಿದರು. ದುಷ್ಟ ಹೋದ, ನಮ್ಮ ಕಷ್ಟವೂ ಹೋಯಿತು.

ನಾನು ಬರುತ್ತಿದ್ದೇನೆ. ಬೇಸಿಗೆ ಮುಗಿಯುವುದರೊಳಗೆ ಹಡಗು ಹತ್ತುತ್ತೇನೆ. ಅಪ್ಪನ ಅಂಗಡಿ ತೆರೆಯೋಣ. ನೀನು ಆ ಕೆಲಸ ಬಿಡು, ಕಸೂತಿ ಹಿಡಿ. ಮೊದಲು ಜೌಜಾಳ ಗೋರಿಗೆ ಕರೆದುಕೊಂಡು ಹೋಗು. ಅಲ್ಲಿ ಅತ್ತರೆ ನನ್ನ ಎದೆ ಹಗುರಾಗುತ್ತದೆ.

ಖಲಫ್

*

ಫುಸ್ತಾತ್, ರಬೀ-ಉಲ್-ಅವ್ವಲ್ 8, 412

ಖಲಫ್,

ನಿನ್ನ ಕಾಗದಗಳೆಲ್ಲ ತಲುಪಿವೆ. ಓದಿದೆ, ಉತ್ತರ ಬರೆಯಲಿಲ್ಲ.

ಬಾಗಿಲು ತೆರೆದ ದಿನ ಕುಣಿದವರು ಗಂಡಸರು. ನಾನು ಓಣಿಯಲ್ಲೇ ಇದ್ದೆ, ಕೆಲಸದ ಮೇಲೆ. ಹೆಂಗಸರು ಒಬ್ಬೊಬ್ಬರೇ ಹೊಸ್ತಿಲ ಮೇಲೆ ಬಂದು ನಿಂತರು. ಆರು ವರ್ಷ ಬಿಸಿಲು ಕಾಣದ ಮುಖಗಳು, ಹಿಟ್ಟಿನ ಹಾಗೆ. ಪಕ್ಕದ ಮನೆಯವಳ ಮಗಳಿಗೆ ಹತ್ತು ವರ್ಷ, ಬೀದಿಯಲ್ಲಿ ಒಂಟೆ ನೋಡಿ ಕಿರುಚಿ ಒಳಗೆ ಓಡಿದಳು. ಅವಳಪ್ಪ ನಗುತ್ತಿದ್ದ. 'ನೋಡಮ್ಮ ತುರ್ಫಾ, ಎಂಥಾ ಪುಕ್ಕಲಿ!' ಅಂದ. ಈ ಆರು ವರ್ಷ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗಿದವನು ಅವನೇ. ಅವನ ಕೆನ್ನೆಗೆ ಹೊಡೆದೆ. ಓಣಿಯೆಲ್ಲ ನೋಡಿತು.

ಈಗ ಎಲ್ಲರೂ ನಿನ್ನ ಹಾಗೆಯೇ ಹೇಳುತ್ತಾರೆ. ಆಜ್ಞೆ ಖಲೀಫನದು, ನಾವೇನು ಮಾಡಲಿಕ್ಕಾಗುತ್ತಿತ್ತು ಅಂತ. ಅರಮನೆಯಿಂದ ಯಾರಾದರೂ ಬಂದು ನಮ್ಮ ಮನೆ ಬಾಗಿಲು ಕಾದರೇ? ಒಂದು ದಿನವೂ ಇಲ್ಲ. ಕಾದವರು ನೀವು. ಕತ್ತೆ ಏರಿ ಹೋದವನು ಹೋದ, ಅವನ ಮೇಲೆ ಎಲ್ಲವನ್ನೂ ಹೇರಿ ನೀವು ಕೈ ತೊಳೆದುಕೊಂಡಿರಿ. ನಾನು ಹೆಣ ತೊಳೆಯುವವಳು, ತೊಳೆದರೆ ಏನು ಹೋಗುತ್ತದೆ, ಏನು ಹೋಗುವುದಿಲ್ಲ ಅಂತ ನನಗೆ ಗೊತ್ತು.

ಈ ಕೆಲಸ ಬಿಡುವುದಿಲ್ಲ. ಅಂಗಡಿಯ ಬೀಗವನ್ನು ಕಾಜಿಯ ಎದುರು ನಿಂತು ನಾನೇ ತೆಗೆಸಿದೆ. ಹಯ್ಯಾನಜ್ಜ ಕೂತು ಹೊಲಿಯುತ್ತಿದ್ದಾನೆ, ಗಿರಾಕಿಗಳು ಓಣಿಯ ಕೊನೆಯವರೆಗೆ ನಿಂತಿದ್ದಾರೆ. ಅಲ್ಲಿ ನಿನಗೆ ಕೆಲಸವಿಲ್ಲ.

ಗೋರಿಯ ವಿಷಯ. ನೀನು ಅಲ್ಲಿಗೆ ಹೋಗಿ ಅತ್ತರೆ ಹಯ್ಯಾನಜ್ಜನಿಗೆ ನಗು ತಡೆಯಲಾಗುವುದಿಲ್ಲ, ಆದ್ದರಿಂದ ಹೇಳುತ್ತೇನೆ. ಅದರೊಳಗಿರುವುದು ಸುತ್ತಿದ ಎತ್ತಿನ ಚರ್ಮ. ಮುಫರಿಜನ ಅಂಗಳದ್ದೇ.

ಜೌಜಾ ಸತ್ತಿಲ್ಲ. ಹೊಟ್ಟೆಯಲ್ಲಿರುವುದು ಹೆಣ್ಣಾದರೆ ಆ ಬಾಗಿಲ ಹಿಂದೆ ಹೆರಲಾರೆ ಅಂದಳು. ಜ್ವರದ ಮನೆ ಅಂದರೆ ಯಾರೂ ಹತ್ತಿರ ಬರುವುದಿಲ್ಲ, ಗಂಡ ಊರಲ್ಲಿಲ್ಲ. ಒಳಗೆ ಬಾಗಿಲು ಹಾಕಿಕೊಂಡು ಬಿಳಿ ಬಟ್ಟೆ ಸುತ್ತಿದೆ, ಮೂಗಿನ ಹತ್ತಿರ ಸಡಿಲ ಬಿಟ್ಟು. ಅವಳು ನಡುಗುತ್ತಿದ್ದಳು. 'ಹೆಣ ನಡುಗಬಾರದು ಕಣೇ' ಅಂದೆ. ಇಬ್ಬರಿಗೂ ನಗು ಬಂತು, ಬಾಯಿಗೆ ಬಟ್ಟೆ ತುರುಕಿಕೊಂಡೆವು. ಹಾಡೇ ಹಗಲಿನಲ್ಲಿ, ಪೇಟೆಯ ನಟ್ಟನಡುವೆ ಹೊತ್ತುಕೊಂಡು ಹೋದರು. ಗಂಡಸರೆಲ್ಲ ಎದ್ದು ನಿಂತು ದಾರಿ ಬಿಟ್ಟರು. ಅವಳ ತೂಕಕ್ಕೆ ಸರಿಯಾದ ಚರ್ಮವನ್ನು ಅಜ್ಜ ಮೊದಲೇ ಅಮ್ಮನ ಗೋರಿಮನೆಗೆ ಸಾಗಿಸಿದ್ದ. ಅಲ್ಲಿಂದ ಜೌಜಾ ಗಂಡಸಿನ ನಿಲುವಂಗಿ ಹಾಕಿಕೊಂಡು ನದಿಯವರೆಗೆ ನಡೆದಳು. ಮುಫರಿಜ್ ಬಂದು ನಾಲ್ಕು ದಿನ ಅತ್ತ. ಮುಂದಿನ ವರ್ಷ ಇನ್ನೊಬ್ಬಳನ್ನು ಕಟ್ಟಿಕೊಂಡ.

ಅವನು ಹುಡುಕಬಾರದು ಅಂತ ಸುಳ್ಳು ಹೇಳಿದೆ. ನಿನಗೆ ಹೇಳಿದ್ದಕ್ಕೆ ಆ ನೆಪವೂ ಇಲ್ಲ. ನೀನು ಅಳಬೇಕು ಅಂತ ಹೇಳಿದೆ. ಮೂರು ವರ್ಷ ಅಳಿಸಿದೆ. ನಿನ್ನ ಕಾಗದ ಬಂದಾಗಲೆಲ್ಲ ಇವತ್ತು ಹೇಳಿಬಿಡೋಣ ಅಂತ ಲೇಖನಿ ಹಿಡಿಯುತ್ತಿದ್ದೆ. 'ನನಗೆ ನೆಮ್ಮದಿಯೇ' ಅಂತ ನೀನು ಬರೆದದ್ದು ನೆನಪಾಗುತ್ತಿತ್ತು. ಇಟ್ಟುಬಿಡುತ್ತಿದ್ದೆ.

ಈಗಲೂ ನನ್ನ ಇಷ್ಟದಿಂದ ಬರೆಯುತ್ತಿಲ್ಲ. ಬಾಗಿಲು ತೆರೆದ ಮೇಲೆ ಅವಳಿದ್ದಲ್ಲಿಗೆ ಹೋಗಿದ್ದೆ, ನಿನ್ನ ಕಾಗದಗಳನ್ನು ಕಟ್ಟಿಕೊಂಡು. ಅವಳು ಎಲ್ಲವನ್ನೂ ಓದಿಸಿ ಕೇಳಿದಳು. ನಿನ್ನ ಮಗಳ ಹೆಸರು ಬಂದಾಗ ಎದ್ದು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದು ಹೇಳಿದ್ದು ಇಷ್ಟು:

'ಬದುಕಿದಾಳೆ ಅಂತ ಬರಿ ಅಕ್ಕ, ಪಾಪ, ಅಳೋದು ನಿಲ್ಲಿಸ್ಲಿ. ಎಲ್ಲಿ ಅಂತ ಮಾತ್ರ ಬರೀಬೇಡ. ನನ್ನ ಮಗಳು ದಿನಾ ಆ ಹೊಲದಿಂದ ಈ ಹೊಲಕ್ಕೆ ಓಡ್ತಾಳೆ, ಕರೆದರೂ ಬರಲ್ಲ. ನಮಗೆ ಯಾರ್ಯಾರು ಇದಾರಮ್ಮ ಅಂತ ಕೇಳ್ತಾಳೆ. ದೊಡ್ಡಮ್ಮ ಇದಾಳೆ ಅಂತೀನಿ. ಸೋದರಮಾವ ಅಂತ ಒಬ್ಬ ಇದಾನೆ ಅಂತ ನಾನು ಅವಳಿಗೆ ಹೇಳಿಲ್ಲ.'

ತುರ್ಫಾ